ಮರೀನಾದಲ್ಲಿ ಮರಳು, ರಾಯಪುರಂನಲ್ಲಿ ಕಲ್ಲು

ಅಲೆ ಬಂದು ಹಿಂದೆ ಹೋಗುತ್ತದಷ್ಟೇ, ಚೆನ್ನೈ ಬಂದರಿನ ದಕ್ಷಿಣಕ್ಕೆ ಮರಳ ರಾಶಿ, ಉತ್ತರಕ್ಕೆ ಕೊರೆತ ಏಕೆ ಎಂದು ಕೇಳಿದ್ದೀರಿ. ಅಲೆ ದಡಕ್ಕೆ ನೇರವಾಗಿ ಬಡಿಯುವುದು ಅಪರೂಪ. ಓರೆಯಾಗಿ ಏರುತ್ತದೆ, ಇಳಿಜಾರು ಹಿಡಿದು ನೆಟ್ಟಗೆ ಇಳಿಯುತ್ತದೆ; ಮರಳ ಕಣ ಗರಗಸದ ಹಲ್ಲಿನಂತೆ ಪಕ್ಕಕ್ಕೆ ಸರಿಯುತ್ತದೆ. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತವೆ. ಆದರೆ ಹೆಚ್ಚಿನ ಮರಳು ಸಾಗುವುದು ಅಲೆ ಒಡೆಯುವ ಪಟ್ಟಿಯಲ್ಲಿ: ಒಡೆದ ಅಲೆ ತಳ ಕದಡುತ್ತದೆ, ದಡದುದ್ದಕ್ಕೆ ಹರಿಯುವ ಪ್ರವಾಹ ಅದನ್ನು ಹೊತ್ತೊಯ್ಯುತ್ತದೆ. ಎಂಜಿನಿಯರುಗಳ ರೂಢಿಯ ಸೂತ್ರದಲ್ಲಿ ಈ ಸಾಗಣೆ ಒಡೆಯುವ ಅಲೆಯ ಎತ್ತರದ 2.5ನೇ ಘಾತಕ್ಕೆ ಅನುಗುಣ. ಎತ್ತರ ಇಮ್ಮಡಿಯಾದರೆ ಮರಳು ಸುಮಾರು 5.7 ಪಟ್ಟು!

ಚೆನ್ನೈ ಕರಾವಳಿಯಲ್ಲಿ ನೈಋತ್ಯ ಮುಂಗಾರಿನಲ್ಲಿ ಮರಳು ಉತ್ತರಕ್ಕೆ, ಈಶಾನ್ಯ ಹಿಂಗಾರಿನಲ್ಲಿ ದಕ್ಷಿಣಕ್ಕೆ. ವರ್ಷದ ಲೆಕ್ಕದಲ್ಲಿ ಉತ್ತರದ್ದೇ ಮೇಲುಗೈ. 19ನೇ ಶತಮಾನದಲ್ಲಿ ಬಂದರಿನ ತಡೆಗೋಡೆ ಈ ಹಾದಿಗೆ ಅಡ್ಡ ನಿಂತಿತು. ಬಂದರಿನ ದಕ್ಷಿಣದ ಮರೀನಾ ಕಡಲತೀರ ಅಗಲವಾಯಿತು, ಮರಳು ಸಿಗದ ಅಲೆ ಉತ್ತರದ ರಾಯಪುರಂನ ದಡವನ್ನೇ ತಿಂದಿತು. ಕಲ್ಲು ಸುರಿದರೆ ಆ ಜಾಗ ಉಳಿಯುತ್ತದೆ, ಕೊರೆತ ಇನ್ನಷ್ಟು ಉತ್ತರಕ್ಕೆ ಜಾರುತ್ತದೆ.

ಕಣ್ಣಾರೆ ನೋಡಬೇಕೆಂದರೆ, ಗಾಳಿ ಕಡಿಮೆಯಿರುವಾಗ ನೊರೆಯ ಪಟ್ಟಿಗೆ ಕಿತ್ತಳೆ ಹಣ್ಣೊಂದನ್ನು ಎಸೆದು, 1 ನಿಮಿಷದಲ್ಲಿ ಅದು ದಡದುದ್ದಕ್ಕೆ ಎಷ್ಟು ಹೆಜ್ಜೆ ಸರಿಯಿತೆಂದು ಎಣಿಸಿ. ಚೆಂಡು ಬೇಡ, ಗಾಳಿಗೇ ಓಡುತ್ತದೆ.