ಕೆಲಸವಿಲ್ಲದವರ ಶಾಸ್ತ್ರವೇ?

ಚಳ್ಳಕೆರೆಯ ನಿವೃತ್ತ ಪ್ರೌಢಶಾಲಾ ಮೇಷ್ಟ್ರೊಬ್ಬರು ಕಳೆದ ಸಂಚಿಕೆಯ ವಿಜ್ಞಾನದ ತತ್ವಶಾಸ್ತ್ರದ ಲೇಖನ ಓದಿ ಸಿಟ್ಟಿನಲ್ಲಿ ಬರೆದಿದ್ದಾರೆ. ಪತ್ರದ ಸಾರ ಇಷ್ಟು: ‘ಪಾಪರ್ ಒಂದು ಹೇಳಿದ, ಕೂನ್ ಇನ್ನೊಂದು ಹೇಳಿದ, ಅಲ್ಲಿಗೆ ಮುಗಿಯಿತು. ಈಗ ಇದರಲ್ಲಿ ಸಂಶೋಧನೆ ಅಂತ ಏನು ಮಾಡುತ್ತಾರೆ? ಕುದಾಪುರದಲ್ಲಿ ಐಐಎಸ್‌ಸಿ ಬಂದಿದೆ, ಅದರ ಬಗ್ಗೆ ಬರೆಯಿರಿ. ದಾವಣಗೆರೆಯಲ್ಲಿ ಎಂ.ಎಸ್ಸಿ. ಭೌತಶಾಸ್ತ್ರ ಮುಗಿಸಿದ ನನ್ನ ತಂಗಿಯ ಮಗಳು ನಿಮ್ಮ ಲೇಖನ ಓದಿ ಇದರಲ್ಲೇ ಪಿಎಚ್.ಡಿ. ಮಾಡುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಕೆಲಸವಿಲ್ಲದ ಆಚಾರಿ...’ ಗಾದೆಯನ್ನು ಮೇಷ್ಟ್ರು ಪೂರ್ತಿ ಬರೆದಿದ್ದಾರೆ. ಮನೆಮಂದಿಯೆಲ್ಲ ಓದುವ ಪತ್ರಿಕೆ, ಉಳಿದರ್ಧ ಬಿಟ್ಟಿದ್ದೇವೆ.

ಮೇಷ್ಟ್ರೇ, ನಮಸ್ಕಾರ.

ಸುಳ್ಳೆಂದು ತೋರಿಸಲು ಸಾಧ್ಯವಿರುವ ಮಾತೇ ವಿಜ್ಞಾನದ್ದು ಎಂದ ಕಾರ್ಲ್ ಪಾಪರ್ ಪುಸ್ತಕ 1934ರದು, ವಿಜ್ಞಾನ ಆಗಾಗ ತನ್ನ ಚೌಕಟ್ಟನ್ನೇ ಬದಲಿಸುತ್ತದೆ ಎಂದ ಥಾಮಸ್ ಕೂನ್‌ ಅವರದು 1962ರದು. ಅಲ್ಲಿಗೇ ನಿಂತಿರುವುದು ನಮ್ಮ ಪಠ್ಯಪುಸ್ತಕಗಳು. ಯಾವುದು ವಿಜ್ಞಾನ, ಯಾವುದು ಅಲ್ಲ ಎಂಬ ಬೇಲಿ ಜಗಳದಲ್ಲಿ ಈಗ ಹೆಚ್ಚಿನವರಿಗೆ ಆಸಕ್ತಿಯಿಲ್ಲ. ಯಾವುದೋ ಒಂದು ವಿಜ್ಞಾನದ ಒಳಗೇ ಹೊಕ್ಕು, ಈ ಸಾಕ್ಷ್ಯ ಯಾವುದರ ಬಲದ ಮೇಲೆ ನಿಂತಿದೆ, ಇಲ್ಲಿಂದ ಕಿತ್ತು ಬೇರೆ ಕಡೆ ಇಟ್ಟರೆ ನಿಲ್ಲುತ್ತದೆಯೇ ಎಂದು ಕೇಳುತ್ತಾರೆ.

ವಿಜ್ಞಾನದ ತತ್ವಜ್ಞಾನಿ ನ್ಯಾನ್ಸಿ ಕಾರ್ಟ್‌ರೈಟ್ ಎತ್ತಿಕೊಂಡ ಒಂದು ಪ್ರಕರಣ ನೋಡಿ. ತಮಿಳುನಾಡಿನಲ್ಲಿ 1980ರಲ್ಲಿ ಮಕ್ಕಳ ಪೌಷ್ಟಿಕತೆಯ ಯೋಜನೆಯೊಂದು ಶುರುವಾಯಿತು. ಮಕ್ಕಳನ್ನು ತೂಗುವುದು, ಸೊರಗಿದವರಿಗೆ ಪೂರಕ ಆಹಾರ ಕೊಡುವುದು, ಏನು ಉಣಿಸಬೇಕೆಂದು ತಾಯಂದಿರಿಗೆ ತಿಳಿಹೇಳುವುದು. ಫಲ ಕೊಟ್ಟಿತು. 1990ರ ದಶಕದಲ್ಲಿ ಅದೇ ಮಾದರಿಯನ್ನು ಬಾಂಗ್ಲಾದೇಶಕ್ಕೆ ಒಯ್ದರು. ಅಲ್ಲಿ ನಿರೀಕ್ಷಿಸಿದ ಫಲ ಕಾಣಲಿಲ್ಲ. ಪಾಠ ಕೇಳಿದವಳು ಸೊಸೆ, ಸಂತೆಗೆ ಹೋಗುವವನು ಗಂಡ, ಬಡಿಸುವ ಅಧಿಕಾರ ಅತ್ತೆಯದು. ಕೊಟ್ಟ ಆಹಾರವೂ ಮಗುವಿಗೇ ಸೇರುತ್ತಿತ್ತು ಎನ್ನುವಂತಿರಲಿಲ್ಲ. ಅಡುಗೆಮನೆಯ ಬೀಗದ ಕೈ ಯಾರ ಸೆರಗಿನಲ್ಲಿದೆ ಎಂಬುದು ತಮಿಳುನಾಡಿನ ಫಲಿತಾಂಶದ ಒಳಗೇ ಸದ್ದಿಲ್ಲದೆ ಕೂತಿತ್ತು. ವರದಿಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ನಮ್ಮ ನೈಯಾಯಿಕರಿಗೆ, ಅಂದರೆ ನ್ಯಾಯದರ್ಶನದ ತಾರ್ಕಿಕರಿಗೆ, ಇದು ಹೊಸದೇನಲ್ಲ. ಹೊಗೆ ಇದ್ದಲ್ಲಿ ಬೆಂಕಿ ಇದೆ ಎನ್ನಬಹುದು. ಬೆಂಕಿ ಇದ್ದಲ್ಲೆಲ್ಲ ಹೊಗೆ ಇದೆ ಎನ್ನಲಾಗದು, ಕಾದ ಕಬ್ಬಿಣದ ಗುಂಡಿನಲ್ಲಿ ಹೊಗೆ ಎಲ್ಲಿದೆ? ಹೊಗೆಯೇಳಲು ಹಸಿ ಸೌದೆಯೂ ಬೇಕು. ಅದನ್ನು ಅವರು ಉಪಾಧಿ ಎಂದರು. ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಿ ತತ್ವಶಾಸ್ತ್ರಕ್ಕೆ ಬಂದ ಸುಂದರ್ ಸರುಕ್ಕೈ ಭಾರತೀಯ ತರ್ಕವನ್ನೂ ಇಂದಿನ ವಿಜ್ಞಾನದ ತತ್ವಶಾಸ್ತ್ರವನ್ನೂ ಎದುರುಬದುರು ಕೂರಿಸಿ 2005ರಲ್ಲೇ ಪುಸ್ತಕ ಬರೆದಿದ್ದಾರೆ. ನಿಮ್ಮ ಸೀಮೆಯ ಶೇಂಗಾ ಬೆಳೆಗಾರನೂ, ಹೊಸ ತಳಿಗಳು ಎಷ್ಟು ಬಂದರೂ ಹಳೆಯ ಟಿ.ಎಂ.ವಿ.-2 ಬಿಡದೆ ಹಿಡಿದಿರುವಾಗ, ಇದೇ ಪ್ರಶ್ನೆ ಕೇಳುತ್ತಿದ್ದಾನೆ: ನಿಮ್ಮ ಫಾರ್ಮಿನಲ್ಲಿ ಬಂದ ಇಳುವರಿ ನನ್ನ ಹೊಲದಲ್ಲಿ ಯಾಕೆ ಬರಬೇಕು?

ಇನ್ನೊಂದು ನಿಮ್ಮ ಹಿತ್ತಲಿನದೇ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಅಶೋಕನ ಶಾಸನ ತೋರಿಸಲು ಮಕ್ಕಳನ್ನು ಕರೆದೊಯ್ದಿರುತ್ತೀರಿ. 1947ರಲ್ಲಿ, ಆಗಿನ ಪುರಾತತ್ವ ಇಲಾಖೆಯ ಮುಖ್ಯಸ್ಥ ಮಾರ್ಟಿಮರ್ ವೀಲರ್ ಅಲ್ಲಿಯೂ ಚಂದ್ರವಳ್ಳಿಯಲ್ಲೂ ಉತ್ಖನನ ಮಾಡಿಸಿದರು. (ಮೈಸೂರಿನ ಪುರಾತತ್ವಜ್ಞ ಎಂ.ಎಚ್. ಕೃಷ್ಣ ಅದಕ್ಕೂ ಮೊದಲೇ ಎರಡೂ ಕಡೆ ಅಗೆದಿದ್ದರು. ಆ ಹೆಸರನ್ನು ನಾವೇ ಮರೆತರೆ ಹೇಗೆ?) ಇದ್ದಿಲಿನಂಥ ಹಳೆಯ ವಸ್ತುವಿನಲ್ಲಿ ಉಳಿದ ಇಂಗಾಲ-14 ಅಳೆದು ಅದರ ವಯಸ್ಸು ಹೇಳುವ ಕಾಲಗಣನೆ ಇನ್ನೂ ಬಂದಿರಲಿಲ್ಲ. ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ಇಟಲಿಯ ಮಡಕೆ ಚೂರುಗಳು ಸಿಕ್ಕಿದ್ದವು. ಅವುಗಳ ಕಾಲ ರೋಮಿನ ಇತಿಹಾಸದಿಂದ ಗೊತ್ತಿತ್ತು. ಅಲ್ಲೇ ಸಿಕ್ಕ, ಒಳಮೈಯಲ್ಲಿ ಸುತ್ತು ಗೀರುಗಳಿರುವ ತಟ್ಟೆಗಳ ಚೂರುಗಳು ಬ್ರಹ್ಮಗಿರಿಯ ಮೇಲಿನ ಪದರದಲ್ಲೂ ಕಾಣಿಸಿದವು. ಹಾಗಾಗಿ ಆ ಪದರಕ್ಕೆ ಕ್ರಿ.ಶ. 1ನೇ ಶತಮಾನ. ಅಲ್ಲಿಂದ ಅಂದಾಜಿನಲ್ಲಿ ಕೆಳಕ್ಕಿಳಿದು, ಕಬ್ಬಿಣ ಬಳಸಿದ ಶಿಲಾಗೋರಿಯ ಜನ ಕ್ರಿ.ಪೂ. 200ರ ಈಚಿನವರು, ಕಲ್ಲಿನ ಕೊಡಲಿಯ ಜನ ಕ್ರಿ.ಪೂ. ಮೊದಲ ಸಹಸ್ರಮಾನದವರು ಎಂದರು ವೀಲರ್.

ಮುಂದೆ ಇಂಗಾಲ-14 ಬಂತು. ತುಂಗಭದ್ರೆಯ ದಡದ ಹಳ್ಳೂರಿನಲ್ಲಿ 1965ರಲ್ಲಿ ಅಗೆದಾಗ ಸಿಕ್ಕ ಮಾದರಿಗಳು ಕಬ್ಬಿಣವನ್ನೇ ಕ್ರಿ.ಪೂ. 1000ದ ಸುಮಾರಿಗೆ ಒಯ್ದವು. ದಕ್ಷಿಣದ ನವಶಿಲಾಯುಗ ಕ್ರಿ.ಪೂ. 3ನೇ ಸಹಸ್ರಮಾನಕ್ಕೆ ಸರಿಯಿತು. ವೀಲರ್ ಸೋತರು, ಇಂಗಾಲ ಗೆದ್ದಿತು ಎಂದು ಕಥೆ ಮುಗಿಸಿಬಿಡಬಹುದು. ಆದರೆ ಇಂಗಾಲದ ಲೆಕ್ಕವೂ ವಾತಾವರಣದಲ್ಲಿ ಇಂಗಾಲ-14 ಸದಾ ಒಂದೇ ಪ್ರಮಾಣದಲ್ಲಿತ್ತು ಎಂಬ ನಂಬಿಕೆಯ ಮೇಲೆ ನಿಂತಿತ್ತು. ಅದು ಸುಳ್ಳಾಗಿ, ಮರದ ಉಂಗುರಗಳನ್ನು ಎಣಿಸಿ ತಿದ್ದಬೇಕಾಯಿತು. ಪುರಾತತ್ವದ ತರ್ಕವನ್ನೇ ಜೀವಮಾನದ ಕೆಲಸ ಮಾಡಿಕೊಂಡಿರುವ ಅಲಿಸನ್ ವೈಲಿ ಕೇಳುವುದು ಇಂಥದ್ದನ್ನೇ. ಮಡಕೆ, ಇದ್ದಿಲು, ನಾಣ್ಯ ಬೇರೆ ಬೇರೆ ದಾರಿಯಿಂದ ಬಂದು ಒಂದೇ ಕಡೆ ಬೆರಳು ತೋರಿದರೆ ಆ ಸಾಕ್ಷ್ಯಕ್ಕೆ ತೂಕ ಹೆಚ್ಚು, ಸರಿ. ಆದರೆ ಆ ದಾರಿಗಳು ನಿಜಕ್ಕೂ ಬೇರೆ ಬೇರೆಯೇ, ಹಿಂದೆಲ್ಲೋ ಒಂದೇ ನಂಬಿಕೆಯಿಂದ ಕವಲೊಡೆದವೇ?

ಕುದಾಪುರದ ಬಗ್ಗೆಯೂ ಬರೆಯೋಣ. ಆ ಕಡೆಯ ನೆಲ ಅಮೃತಮಹಲ್ ಕಾವಲು, ಅಂದರೆ ಅಮೃತಮಹಲ್ ದನಗಳ ಮೇವಿಗೆಂದು ಬಿಟ್ಟ ಹುಲ್ಲುಗಾವಲು. ಹುಲ್ಲುಗಾವಲನ್ನು ಖಾಲಿ ಜಾಗದ ಪಟ್ಟಿಗೆ ಸೇರಿಸಬೇಕೋ, ಕುರಿ, ದನ, ಕೃಷ್ಣಮೃಗಗಳ ಬದುಕಿನ ಪಟ್ಟಿಗೋ ಎಂಬುದನ್ನು ಉಪಗ್ರಹದ ಚಿತ್ರ ತಾನಾಗಿ ಹೇಳುವುದಿಲ್ಲ. ಯಾರಿಗೆ ಏನು ಮುಖ್ಯ ಎಂಬುದು ವಿಜ್ಞಾನದ ಒಳಗೇ ಹೇಗೆ ಕೆಲಸ ಮಾಡುತ್ತದೆ ಎಂಬುದರ ಬಗ್ಗೆ ಹೆಲೆನ್ ಲಾಂಜಿನೊ ಅಂಥ ತತ್ವಜ್ಞಾನಿಗಳು ದಶಕಗಳಿಂದ ಬರೆಯುತ್ತಿದ್ದಾರೆ. ನಮ್ಮ ಲೇಖನ ಅಲ್ಲಿಂದಲೇ ಶುರುವಾದರೆ ಬೇಸರ ಮಾಡಿಕೊಳ್ಳಬೇಡಿ.

ಇನ್ನು ಹುಡುಗಿಯ ಮಾತು. ನಿಮ್ಮ ಭಯ ಸುಳ್ಳಲ್ಲ. ನಮ್ಮ ಎರಡು ಜಿಲ್ಲೆಗಳ ಡಿಗ್ರಿ ಕಾಲೇಜುಗಳಲ್ಲಿ ತತ್ವಶಾಸ್ತ್ರದ ಹುದ್ದೆ ಹುಡುಕುವುದು ಬೇಸಿಗೆಯ ವೇದಾವತಿಯಲ್ಲಿ ನೀರು ಹುಡುಕಿದಂತೆ. ದೇಶದಲ್ಲೇ ಜಾಗ ಕಡಿಮೆ. ಬಾಂಬೆ, ಕಾನ್ಪುರದಂಥ ಐಐಟಿಗಳ ಮಾನವಿಕ ವಿಭಾಗಗಳು, ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿರುವ ನಿಯಾಸ್ ಎಂಬ ಉನ್ನತ ಅಧ್ಯಯನ ಸಂಸ್ಥೆ, ಸರುಕ್ಕೈ ಕಟ್ಟಿದ ಮಣಿಪಾಲದ ಮಾನವಿಕ ಕೇಂದ್ರ, ಹೀಗೆ. 2021ರಿಂದ ಗೇಟ್ ಪರೀಕ್ಷೆಯಲ್ಲಿ ಮಾನವಿಕಗಳ ಪತ್ರಿಕೆ ಇದೆ, ಅದರಲ್ಲಿ ತತ್ವಶಾಸ್ತ್ರವೂ ಒಂದು ವಿಭಾಗ. ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಸಿಕ್ಕರೆ ಶುರುವಿಗೆ ತಿಂಗಳಿಗೆ 37,000 ರೂಪಾಯಿ. ಮುಗಿದ ಮೇಲೆ ನೌಕರಿ ಖಾತ್ರಿ ಎಂದು ನಾನು ಬರೆದುಕೊಡಲಾರೆ.

ಭೌತಶಾಸ್ತ್ರದಲ್ಲೇ ಪಿಎಚ್.ಡಿ. ಮಾಡಿದರೂ ಅವಳು ಇದರಿಂದ ಪೂರ್ತಿ ತಪ್ಪಿಸಿಕೊಳ್ಳುವ ಹಾಗಿಲ್ಲ ಅನ್ನಿ. ಯುಜಿಸಿ 2019ರ ಕೊನೆಗೆ ಎಲ್ಲ ಪಿಎಚ್.ಡಿ. ವಿದ್ಯಾರ್ಥಿಗಳಿಗೂ ಕಡ್ಡಾಯ ಮಾಡಿದ 30 ಗಂಟೆಯ ಕೋರ್ಸಿನಲ್ಲಿ ತತ್ವಶಾಸ್ತ್ರ ಮತ್ತು ನೀತಿಗೆಂದು 3 ಗಂಟೆ ಇದೆ. ಡೇಟಾಬೇಸು, ಸೈಟೇಶನ್ ಲೆಕ್ಕಗಳಿಗೆ 7 ಗಂಟೆ! ನಮ್ಮ ಯೂನಿವರ್ಸಿಟಿಗಳಿಗೆ ಯಾವುದರ ಚಿಂತೆ ಹೆಚ್ಚು ಎಂದು ಬೇರೆ ಹೇಳಬೇಕೆ?

ಅವಳನ್ನು ತಡೆಯಬೇಡಿ. ಆದರೆ ‘ವಿಜ್ಞಾನ ಮತ್ತು ಸತ್ಯ’ ಎಂಬಂಥ ವಿಷಯ ಹಿಡಿದು ಸಂದರ್ಶನಕ್ಕೆ ಹೋಗದಿರಲಿ. ಎಂ.ಎಸ್ಸಿ. ಪ್ರಾಜೆಕ್ಟಿನಲ್ಲಿ ಯಾವುದಾದರೂ ರೀಡಿಂಗನ್ನು ತಪ್ಪು ಎಂದು ಹೊಡೆದುಹಾಕಿರುತ್ತಾಳೆ. ಅದು ತಪ್ಪು ಎಂದು ಯಾವ ಆಧಾರದಿಂದ ತೀರ್ಮಾನಿಸಿದೆ ಎಂದು ಎರಡು ಪುಟ ಬರೆದು ನೋಡಲಿ. ಕನ್ನಡದಲ್ಲಿ ಬರೆದರೆ ನಮಗೇ ಕಳಿಸಲಿ, ಅಚ್ಚು ಹಾಕುತ್ತೇವೆ. ಸಂಭಾವನೆ ಮಾತ್ರ ನಿಮಗೆ ಕೊಡುತ್ತಿದ್ದಷ್ಟೇ.

— ಸಂಪಾದಕ