ಸುಡೋದಾ, ಫ್ರೀಜ್ ಮಾಡೋದಾ?

ಪ್ರಶ್ನೆ: ಮಗಳಿಗೆ 14 ವರ್ಷ. ಇದ್ದಕ್ಕಿದ್ದಂಗೆ ಎದೆ ಡವಡವ ಅಂತ ಓಡತ್ತೆ. ಡಬ್ಲ್ಯೂಪಿಡಬ್ಲ್ಯೂ ಅಂತೆ, ಹೃದಯದಲ್ಲಿ ಕರೆಂಟ್ ಹರಿಯೋಕೆ ಹುಟ್ಟಿನಿಂದ್ಲೇ ಒಂದು ಎಕ್ಸ್‌ಟ್ರಾ ದಾರಿ ಇದ್ಯಂತೆ, ಅದನ್ನ ನಾಶ ಮಾಡೋ ಅಬ್ಲೇಷನ್ ಮಾಡ್ಸಿ ಅಂದ್ರು. ಯಾವ ವಿಧಾನ ಒಳ್ಳೇದು ಡಾಕ್ಟ್ರೇ?

ಉತ್ತರ: ಆ ಎಕ್ಸ್‌ಟ್ರಾ ದಾರಿ ಎಲ್ಲಿದೆ ಅನ್ನೋದು ಮುಖ್ಯ ಕಣಮ್ಮಾ. ಎಡಗಡೆ ದೂರದಲ್ಲಿದ್ರೆ ರೇಡಿಯೋಫ್ರೀಕ್ವೆನ್ಸಿನೇ ಸರಿ, ಬಿಸಿಯಲ್ಲಿ ಸುಡತ್ತೆ, ಕೆಲ್ಸ ಗಟ್ಟಿ. ಎವಿ ನೋಡ್ (ಹೃದಯದ ಮೇಲಿನ ಕೋಣೆಯಿಂದ ಕೆಳಗಿನದಕ್ಕೆ ಕರೆಂಟ್ ದಾಟಿಸೋ ಜಾಗ) ಪಕ್ಕದಲ್ಲೇ ಇದ್ರೆ ನಾನಂತೂ ಕ್ರಯೋ, ಅಂದ್ರೆ ಫ್ರೀಜ್ ಮಾಡೋ ವಿಧಾನದ ಕಡೆ, ಯಾಕಂದ್ರೆ ಮೊದ್ಲು ಮೈನಸ್ 30 ಡಿಗ್ರಿಗೆ ತಣ್ಣಗೆ ಮಾಡಿ ಇಸಿಜಿ ನೋಡ್ತೀವಿ, ನೋಡ್‌ಗೆ ಪೆಟ್ಟು ಬೀಳೋ ಸೂಚನೆ ಕಂಡ್ರೆ ತಕ್ಷಣ ನಿಲ್ಲಿಸ್ತೀವಿ, ಸಾಮಾನ್ಯವಾಗಿ ವಾಪಸ್ ಸರಿಹೋಗತ್ತೆ, ಎಲ್ಲಾ ಸರಿಯಿದ್ರೆ ಮಾತ್ರ ಮೈನಸ್ 70ರ ಹತ್ರ ಇಳಿಸಿ ನಿಮಿಷಗಟ್ಟಲೆ ಹಿಡೀತೀವಿ, ಕ್ಯಾಥಿಟರ್ (ರಕ್ತನಾಳದಿಂದ ಹೃದಯಕ್ಕೆ ತೂರಿಸೋ ತೆಳು ಕೊಳವೆ) ತುದಿ ಐಸ್‌ಗೆ ಬೆರಳು ಅಂಟಿದಂಗೆ ಅಂಟ್ಕೊಂಡು ಜಾರಲ್ಲ. ಆದ್ರೆ ಕ್ರಯೋದಲ್ಲಿ ತೊಂದ್ರೆ ಮತ್ತೆ ಬರೋ ಚಾನ್ಸ್ ಜಾಸ್ತಿ, ಇನ್ನೊಂದ್ಸಲ ಮಾಡಿಸ್ಬೇಕಾಗಬೋದು. ನೋಡ್ ಹಾಳಾಗಿ ಈ ವಯಸ್ಸಿಗೇ ಪೇಸ್‌ಮೇಕರ್ ಹಾಕಿಸ್ಕೊಳೋದಕ್ಕಿಂತ ಅದೇ ಮೇಲು.