ನೀರು ಕುಡಿದರೂ ಮೀನಖಂಡ ಹಿಡಿಯುವುದು

ಮಂಗಳೂರಿನಿಂದ ಸೈಕಲ್ಲಿನಲ್ಲಿ ಚಾರ್ಮಾಡಿ ಘಾಟಿ ಏರುವಾಗ 5 ಲೀಟರ್ ನೀರು ಕುಡಿದರೂ ತಲೆನೋವು ಬಂದು ಮೀನಖಂಡ ಹಿಡಿಯಿತು, ಮುಂದೆ ರಾಜಸ್ಥಾನದ ಜೈಸಲ್ಮೇರಿನಲ್ಲೂ ಸೈಕಲ್ ತುಳಿಯಲಿಕ್ಕಿದೆ, ಏನು ಮಾಡಲಿ ಎಂದು ಕೇಳಿದ್ದೀರಿ. ಅದು ಬಹುಶಃ ಉಪ್ಪು ಕಡಿಮೆಯಾಗಿ ಆದದ್ದು. ಬರೀ ನೀರು ಜಾಸ್ತಿಯಾದರೆ ರಕ್ತದ ಸೋಡಿಯಂ, ಅಂದರೆ ಉಪ್ಪಿನಂಶ, ಇನ್ನೂ ಇಳಿಯುತ್ತದೆ. ನನಗೂ ಹೀಗೇ ಆಗಿತ್ತು. ಹೊರಡುವ ಮೊದಲು ಗಂಜಿ, ಉಪ್ಪಿನಕಾಯಿ ತಿನ್ನಿ. ಒಂದು ಬಾಟಲಿಯಲ್ಲಿ ಉಪ್ಪು-ಸಕ್ಕರೆ ಪುಡಿಯ ನೀರು, ಅಂದರೆ ಓಆರ್‌ಎಸ್ ಇರಲಿ, ದೊಡ್ಡ ಪ್ಯಾಕೆಟಿಗೆ ಸರಿಯಾಗಿ 1 ಲೀಟರ್ ನೀರು, ಅಂದಾಜಿಗೆ ಬೆರೆಸಬೇಡಿ, ಬಾಯಾರಿದಾಗ ಗುಟುಕು ಗುಟುಕಾಗಿ ಕುಡಿಯಿರಿ. ಸುಸ್ತಾದ ಕಾಲೂ ಹಿಡಿಯುತ್ತದೆ, ಅದಕ್ಕೇ ಘಾಟಿಯಲ್ಲಿ ಹಗುರ ಗೇರ್ ಹಾಕಿ. ಜೈಸಲ್ಮೇರಿನಲ್ಲಿ ಇನ್ನೂ ಹುಷಾರು. ನಮ್ಮೂರಿನ ಸೆಕೆಯಲ್ಲಿ ಬೆವರು ಸುರಿಯುವುದು ಕಾಣುತ್ತದೆ ಅಲ್ವಾ, ಮರುಭೂಮಿಯ ಒಣಗಾಳಿಗೆ ಅದು ಕೂಡಲೇ ಆರಿಹೋಗಿ ಎಷ್ಟು ಹೋಯಿತೆಂದೇ ಗೊತ್ತಾಗುವುದಿಲ್ಲ, ಅಂಗಿಯ ಮೇಲೆ ಬಿಳಿ ಉಪ್ಪಿನ ಗೆರೆ ನೋಡಿಕೊಳ್ಳಿ. ಮಧ್ಯಾಹ್ನ 11ರಿಂದ 4ರವರೆಗೆ ನೆರಳಲ್ಲಿರಿ. ವಾಂತಿ ಬಂದರೆ, ಮಾತು ತಡವರಿಸಿದರೆ ಸೈಕಲ್ ಅಲ್ಲೇ ಬಿಟ್ಟು ಆಸ್ಪತ್ರೆಗೆ ಹೋಗಿ.